ದವಡೆಯ ಸೊಪ್ಪಿಗೆ ದಂಡ ಹಾಕುವವರು ಯಾರು?

ಸಿಗರೇಟ್ ಸೇದುವವನು ಕಡ್ಡಿ ಗೀರಿದ ಕೂಡಲೇ ಸುತ್ತಲಿನವರಿಗೆಲ್ಲ ಗೊತ್ತಾಗುತ್ತದೆ. ಹೊಗೆ ಏಳುತ್ತದೆ, ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ, ಹತ್ತಿರ ಪೊಲೀಸರಿದ್ದರೆ ದಂಡದ ರಸೀದಿಯೂ ಬರುತ್ತದೆ. ಕೆಳತುಟಿಯ ಹಿಂದೆ ಚಿಟಿಕೆ ತಂಬಾಕು ಇಟ್ಟುಕೊಂಡವನದು ಹಾಗಲ್ಲ. ಅವನು ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ ಹತ್ತಿ, ಟಿಕೆಟ್ ಪಡೆದು, ಸುರತ್ಕಲ್ಲಿನಲ್ಲಿ ಇಳಿದು ಹೋಗುವವರೆಗೂ ಪಕ್ಕದ ಸೀಟಿನವರಿಗೆ ಸುಳಿವು ಸಿಗುವುದಿಲ್ಲ. ಉಗುಳಿದರೆ ಗೊತ್ತಾದೀತು, ಅಷ್ಟೆ. ಕರ್ನಾಟಕದ ತಿದ್ದುಪಡಿಯಾದ ತಂಬಾಕು ಕಾಯ್ದೆ ಈಗ ಇವರಿಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ.

2003ರ ಕೇಂದ್ರ ಕಾಯ್ದೆಯನ್ನು ಎಲ್ಲರೂ ‘ಕೋಟ್ಪಾ’ ಎನ್ನುತ್ತಾರೆ. ಅದು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನಷ್ಟೇ ತಡೆದಿತ್ತು. ಅಗಿಯುವವರನ್ನು ಅದು ಮುಟ್ಟಿರಲಿಲ್ಲ. ರಾಜ್ಯದ ತಿದ್ದುಪಡಿ ಮಸೂದೆಗೆ 2024ರ ಫೆಬ್ರುವರಿಯಲ್ಲಿ ವಿಧಾನಸಭೆಯ ಒಪ್ಪಿಗೆ ಸಿಕ್ಕಿತು. ರಾಷ್ಟ್ರಪತಿಗಳ ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಪ್ರಕಟವಾದದ್ದು 2025ರ ಮೇ ಕೊನೆಯಲ್ಲಿ. ಹುಕ್ಕಾ ಬಾರ್‌ಗಳು ಬಂದ್ ಎಂಬುದೇ ಆಗ ಪತ್ರಿಕೆಗಳ ತಲೆಬರಹವಾಯಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ವಿಷಯಗಳೇ ಮಂಗಳೂರಿನ ಹೆಚ್ಚು ಜನರಿಗೆ ತಟ್ಟುವಂಥವು: ಸಾರ್ವಜನಿಕ ಸ್ಥಳದಲ್ಲಿ ತಂಬಾಕಿನ ಯಾವುದೇ ಬಳಕೆ ಕೂಡದು, ಉಗುಳುವಂತಿಲ್ಲ, ದಂಡ 200 ರೂಪಾಯಿಯಿಂದ 1,000ಕ್ಕೆ, ಕೊಳ್ಳುವವರ ವಯಸ್ಸು 18ರಿಂದ 21ಕ್ಕೆ, ಶಾಲೆ ಕಾಲೇಜಿನ ನೂರು ಮೀಟರ್ ಒಳಗೆ ಮಾರಾಟವಿಲ್ಲ.

ಒಂದು ತಾರತಮ್ಯವನ್ನು ಇಲ್ಲೇ ಹೇಳಿಬಿಡಬೇಕು. ಮೂವತ್ತು ಕೋಣೆಗಳ ಹೋಟೆಲು, ಮೂವತ್ತು ಆಸನಗಳ ರೆಸ್ಟೋರೆಂಟು, ವಿಮಾನ ನಿಲ್ದಾಣ ಇಲ್ಲೆಲ್ಲ ಸೇದುವವರಿಗೆ ಪ್ರತ್ಯೇಕ ಜಾಗ ಮಾಡಿಕೊಡಲು ಕಾನೂನಿನಲ್ಲಿ ಅವಕಾಶವಿದೆ. ಬಜಪೆಯಲ್ಲಿ ವಿಮಾನಕ್ಕೆ ಕಾಯುವ ಸಿಗರೇಟಿನವನ ಬಗ್ಗೆ ಇಷ್ಟು ಯೋಚಿಸಿದ ಕಾನೂನು, ಹಂಪನಕಟ್ಟೆಯ ಬಸ್ ತಂಗುದಾಣದಲ್ಲಿ ಕೂತು ಎಲೆಅಡಿಕೆಗೆ ಹೊಗೆಸೊಪ್ಪಿನ ತುಂಡು ಸೇರಿಸುವ ಅಜ್ಜಿಗೆ ಯಾವ ಮೂಲೆಯನ್ನೂ ತೋರಿಸಿಲ್ಲ. ತೋರಿಸಬೇಕಿತ್ತು ಎನ್ನುತ್ತಿಲ್ಲ. ಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ಕಾನೂನು ಎಂಬುದು ಅಷ್ಟರಿಂದಲೇ ತಿಳಿಯುತ್ತದೆ.

ಲೆಕ್ಕ ನೋಡಿದರೆ ಕಣ್ಣ ಮುಂದೆ ಇರಬೇಕಾದದ್ದು ಆ ಅಜ್ಜಿಯೇ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. ಹತ್ತಿರಹತ್ತಿರ ಎರಡು ಪಟ್ಟು. ಹೆಂಗಸರಲ್ಲಂತೂ ತಂಬಾಕು ಎಂದರೆ ಅಗಿಯುವುದೇ. ಹತ್ತರಲ್ಲಿ ಒಬ್ಬರಿಗೆ ಅದರ ಅಭ್ಯಾಸವಿದೆ. ಇಡೀ ದೇಶದಲ್ಲಿ ಹೊಗೆಯಿಲ್ಲದ ತಂಬಾಕಿನವರು ಸುಮಾರು 20 ಕೋಟಿ. ನಮ್ಮ ತಂಬಾಕು ಚರ್ಚೆ ಮಾತ್ರ ಇವತ್ತಿಗೂ ಸಿಗರೇಟಿನ ತುದಿಯಲ್ಲೇ ಉರಿಯುತ್ತಿದೆ.

ತಂಬಾಕಿನ ಕಾನೂನುಗಳಿಗೂ ಮಂಗಳೂರಿಗೂ ನಂಟಿದೆ. 2013ರ ಮೇ ಕೊನೆಯಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ಆರೋಗ್ಯ ಸಚಿವರಾಗಿದ್ದವರು ಇದೇ ಊರಿನ ಶಾಸಕ ಯು.ಟಿ. ಖಾದರ್. ತಿದ್ದುಪಡಿ ಮಸೂದೆ ಸದನಕ್ಕೆ ಬಂದಾಗ ಸಭಾಧ್ಯಕ್ಷರ ಪೀಠದಲ್ಲಿದ್ದವರೂ ಅವರೇ. ಅದನ್ನು ಮಂಡಿಸಿದ ಸರ್ಕಾರದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರಿಗೆ ದಕ್ಷಿಣ ಕನ್ನಡದ ಉಸ್ತುವಾರಿಯೂ ಇತ್ತು.

ಆ 2013ರ ನಿಷೇಧದಿಂದ ಏನಾಯಿತು ಎಂದು ನೋಡಿದರೆ ಹೊಸ ನಿಯಮಗಳ ಗತಿ ಅರ್ಧ ಅಂದಾಜಾಗುತ್ತದೆ. ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಇರಕೂಡದು ಎಂಬ 2011ರ ಆಹಾರ ಸುರಕ್ಷತಾ ನಿಯಮವನ್ನು ಹಿಡಿದು ಮಧ್ಯಪ್ರದೇಶ 2012ರ ಏಪ್ರಿಲ್‌ನಲ್ಲಿ ಮೊದಲು ಗುಟ್ಕಾ ನಿಲ್ಲಿಸಿತು. ಮುಂದಿನ ತಿಂಗಳು ಕೇರಳ, ಇನ್ನೊಂದು ವರ್ಷಕ್ಕೆ ನಾವು. ಮಾರುಕಟ್ಟೆ ಉತ್ತರ ಹುಡುಕಲು ತಡಮಾಡಲಿಲ್ಲ. ಅಡಿಕೆ ಚೂರು ಮತ್ತು ತಂಬಾಕು ಒಂದೇ ಪೊಟ್ಟಣದಲ್ಲಿ ಇದ್ದರೆ ತಾನೇ ಅದು ಗುಟ್ಕಾ? ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ಜರ್ದಾ ಇನ್ನೊಂದು ಪುಟ್ಟ ಪೊಟ್ಟಣದಲ್ಲಿ ಬಂದವು. ಗಿರಾಕಿ ಎರಡನ್ನೂ ಅಂಗೈಗೆ ಸುರಿದುಕೊಂಡು, ಬೆರೆಸಿ ಬಾಯಿಗೆ ಹಾಕಿದ. ಕಾರ್ಖಾನೆಯ ಯಂತ್ರ ಮಾಡುತ್ತಿದ್ದ ಕೆಲಸವನ್ನು ಅವನ ಹೆಬ್ಬೆರಳು ವಹಿಸಿಕೊಂಡಿತು. ಈ ಜೋಡಿ ಪೊಟ್ಟಣದ ಸಂಗತಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2016ರ ಸೆಪ್ಟೆಂಬರ್ 23ರಂದು ನಿಷೇಧವನ್ನು ನೆಟ್ಟಗೆ ಪಾಲಿಸಿ ಎಂಬ ಆದೇಶ ಬಂತು. ಪೊಟ್ಟಣಗಳು ಗೂಡಂಗಡಿಯ ಮುಂದಿನಿಂದ ಹಿಂದಿನ ಡಬ್ಬಿಗೆ ಸರಿದವು.

ಅಡಿಕೆ ಬೆಳೆಗಾರರ ಎದೆ ಡವಗುಟ್ಟಿದ್ದೂ ಆ ನಿಷೇಧದ ಹೊತ್ತಿಗೇ. ಕರ್ನಾಟಕ ಕೇರಳ ಎರಡೂ ಸರ್ಕಾರಗಳ ಬೆಂಬಲದಿಂದ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇರುವ ಊರಿದು. ಇಲ್ಲಿ ಗುಟ್ಕಾ ಸುದ್ದಿ ಬಂದಾಗ ಜನ ಮೊದಲು ಕೇಳುವುದು ಧಾರಣೆಯನ್ನು. ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೇಳಿದೆ. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ, ತಂಬಾಕು ಸೇರದ ಬರೀ ಅಡಿಕೆಯ ಮೇಲೆ ಬೇರೆಯೇ ಅಧ್ಯಯನ ಬೇಕು ಎನ್ನುತ್ತವೆ. ಆ ಜಗಳಕ್ಕೆ ಇನ್ನೊಂದು ಭಾನುವಾರದ ಪುಟ ಬೇಕು. ಅಡಿಕೆಗೆ ಹೊಗೆಸೊಪ್ಪು ಸೇರಿದ ಮೇಲಿನ ಅಪಾಯದ ಬಗ್ಗೆ ಎರಡೂ ಕಡೆಯವರಲ್ಲಿ ತಕರಾರಿಲ್ಲ.

ಈಗ ತೆರಿಗೆಗೆ ಬರೋಣ. 2026ರ ಫೆಬ್ರುವರಿ 1ರಿಂದ ಬೀಡಿ ಬಿಟ್ಟು ಉಳಿದ ತಂಬಾಕು ಪದಾರ್ಥಗಳಿಗೂ ಪಾನ್ ಮಸಾಲಕ್ಕೂ ಜಿಎಸ್‌ಟಿ ಶೇ 40. ಬೀಡಿಗೆ ಶೇ 18. ಹಳೆಯ ಪರಿಹಾರ ಸೆಸ್ ಹೋಗಿ, ತಂಬಾಕಿಗೆ ಹೆಚ್ಚಿನ ಅಬಕಾರಿ ಸುಂಕ, ಪಾನ್ ಮಸಾಲಕ್ಕೆ ಬೇರೊಂದು ಸೆಸ್ ಬಂದಿವೆ. ಅಗಿಯುವ ತಂಬಾಕು, ಜರ್ದಾ, ಗುಟ್ಕಾ ತಯಾರಕರ ಸುಂಕವನ್ನು ಈಗ ಲೆಕ್ಕಪುಸ್ತಕ ನೋಡಿ ನಿರ್ಧರಿಸುವುದಿಲ್ಲ. ಕಾರ್ಖಾನೆಯಲ್ಲಿ ಎಷ್ಟು ಪೊಟ್ಟಣ ತುಂಬುವ ಯಂತ್ರಗಳಿವೆ, ಅವುಗಳ ವೇಗವೆಷ್ಟು, ಪೊಟ್ಟಣದ ಬೆಲೆಯೆಷ್ಟು ಎಂಬುದರ ಮೇಲೆ ನಿರ್ಧಾರ. ಕದ್ದು ತುಂಬಿ ಕದ್ದು ಸಾಗಿಸುವ ದಂಧೆಗೆ ಇದು ಸರಿಯಾದ ಪೆಟ್ಟು. ಹತ್ತು ಗ್ರಾಂಗಿಂತ ಸಣ್ಣ ಪಾನ್ ಮಸಾಲ ಪೊಟ್ಟಣದ ಮೇಲೂ ಬೆಲೆ ಅಚ್ಚಾಗಬೇಕು ಎಂಬ ನಿಯಮವೂ ಅದೇ ದಿನದಿಂದ ಜಾರಿಯಾಯಿತು.

ಬಳಸುವವರಿಗೆ ಇದರಿಂದ ಏನಾಗುತ್ತದೆ? ಸಿಗರೇಟಿನವರಿಗೆ ಪ್ಯಾಕಿನ ಬೆಲೆ ಏರಿದ್ದು ನೇರವಾಗಿ ಕಾಣುತ್ತದೆ. ಚಿಲ್ಲರೆ ನಾಣ್ಯಕ್ಕೆ ಸಿಗುವ ಪೊಟ್ಟಣದ ದಾರಿ ಬೇರೆ. ಐದು ರೂಪಾಯಿ, ಹತ್ತು ರೂಪಾಯಿ ಎಂಬ ಬೆಲೆಯನ್ನು ಮುರಿಯಲು ಯಾವ ಕಂಪನಿಯೂ ಇಷ್ಟಪಡುವುದಿಲ್ಲ. ಬೆಲೆಯನ್ನು ಹಾಗೇ ಇಟ್ಟು ಒಳಗಿನ ತೂಕ ಇಳಿಸುವುದು ಬಿಸ್ಕತ್ತಿನಿಂದ ಶಾಂಪೂವರೆಗೆ ನಾವೆಲ್ಲ ಕಂಡ ಉಪಾಯ. ತೂಕ ಇಳಿದರೆ ಚಟ ಇಳಿಯುತ್ತದೆಯೇ? ಶರೀರ ತನಗೆ ಬೇಕಾದ ನಿಕೋಟಿನ್ನಿನ ಲೆಕ್ಕ ಇಟ್ಟುಕೊಂಡಿರುತ್ತದೆ. ಎರಡು ಪೊಟ್ಟಣದಲ್ಲಿ ತೀರುತ್ತಿದ್ದದ್ದಕ್ಕೆ ಮೂರು ಬೇಕಾಗುತ್ತದೆ. ದಿನಗೂಲಿಯ ಜೇಬಿಗೆ ಏಟು ಬೀಳುವುದು ಈ ಸುತ್ತುದಾರಿಯಲ್ಲಿ. ಹಾಗೆಂದು ತೆರಿಗೆಯೇ ವ್ಯರ್ಥ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಇನ್ನೂ ಶುರು ಮಾಡದ ಹುಡುಗನನ್ನು ಬೆಲೆ ತಡೆಯಬಲ್ಲದು. ಇಪ್ಪತ್ತು ವರ್ಷ ಅಗಿದವನನ್ನು ಬೆಲೆಯೊಂದೇ ಬಿಡಿಸಲಾರದು.

ಹೊಗೆಸೊಪ್ಪಿನ ತೆರಿಗೆಗೆ ಈ ಊರು ಹಿಂದೊಮ್ಮೆ ಬೇರೆ ರೀತಿಯಲ್ಲೇ ಪ್ರತಿಕ್ರಿಯಿಸಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಕೆನರಾದಲ್ಲಿ ಉಪ್ಪು ಮತ್ತು ಹೊಗೆಸೊಪ್ಪಿನ ಏಕಸ್ವಾಮ್ಯವಿತ್ತು. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತ ದಂಡು ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ಧ್ವಜ ಹಾರಿಸಿ ಹದಿಮೂರು ದಿನ ಊರನ್ನು ಕೈಯಲ್ಲಿಟ್ಟುಕೊಂಡಿತು. ಬಂಡಾಯದ ನಾಯಕ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ನಿರೂಪಗಳಲ್ಲಿ ಜನರಿಗೆ ಕೊಟ್ಟ ಭರವಸೆಗಳಲ್ಲಿ ಉಪ್ಪು, ಹೊಗೆಸೊಪ್ಪಿನ ತೆರಿಗೆ ಮನ್ನಾವೂ ಇತ್ತು. ಉಪ್ಪಿನ ಪಕ್ಕದಲ್ಲಿ ಹೊಗೆಸೊಪ್ಪು! ಇವೆರಡೂ ಇಲ್ಲದೆ ದಿನ ಸಾಗದು ಎಂಬಂತೆ. ಹಳೇ ದಕ್ಷಿಣ ಕನ್ನಡದ ತೆಂಕಣ ಭಾಗದಲ್ಲಿ, ಈಗಿನ ಕಾಸರಗೋಡು ಜಿಲ್ಲೆಯ ಪಳ್ಳಿಕೆರೆ ಹೊಸದುರ್ಗದ ಮರಳುನೆಲದಲ್ಲಿ ಅಗಿಯುವ ಹೊಗೆಸೊಪ್ಪನ್ನೇ ಬೆಳೆಯುತ್ತಿದ್ದರು.

ಹೊಸ ನಿಯಮಗಳ ಕೈಗೆ ಸಿಗದಿರುವುದು ಈ ಸೊಪ್ಪೇ. ಪೊಟ್ಟಣದ ಮೇಲೆ ಶೇ 85ರಷ್ಟು ಜಾಗದಲ್ಲಿ ಹುಣ್ಣಾದ ಬಾಯಿಯ ಚಿತ್ರ ಇರಬೇಕು ಎಂಬುದು 2016ರಿಂದ ಇರುವ ನಿಯಮ. ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ಅದನ್ನು ರದ್ದುಪಡಿಸಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟು ಚಿತ್ರವನ್ನು ಉಳಿಸಿತು. ಆದರೆ ಸಂತೆಯಲ್ಲಿ, ಹಳೇ ಅಂಗಡಿಗಳಲ್ಲಿ ಕಟ್ಟಿನಿಂದ ಬಿಡಿಸಿ, ತುಂಡು ಮಾಡಿ, ಕಾಗದದ ಚೂರಿನಲ್ಲಿ ಸುತ್ತಿ ಕೊಡುವ ಸೊಪ್ಪಿನ ಮೇಲೆ ಚಿತ್ರ ಅಚ್ಚು ಹಾಕುವುದೆಲ್ಲಿ? ‘ಒಂತೆ ಪುಗೆರೆ ಕೊರ್ಲೆ’ (ಸ್ವಲ್ಪ ಹೊಗೆಸೊಪ್ಪು ಕೊಡಿ) ಎಂದು ತುಳುವಿನಲ್ಲಿ ಕೇಳಿದರೆ ಮುಗಿಯಿತು. ಮನೆಯಲ್ಲಂತೂ ಹರಿವಾಣದಲ್ಲಿ ಎಲೆ, ಅಡಿಕೆ, ಸುಣ್ಣದ ಪಕ್ಕ ಅದಕ್ಕೊಂದು ಜಾಗ ಮೊದಲಿನಿಂದಲೂ ಇದೆ. ಬಂದವರಿಗೆ ಹರಿವಾಣ ಸರಿಸದಿದ್ದರೆ ಮರ್ಯಾದೆ ಕೊಟ್ಟಂತಾಗುತ್ತಿರಲಿಲ್ಲ. ಹೀಗೆ ಎಲೆ ಹಾಕುವ ಹೆಂಗಸರಲ್ಲಿ ಅನೇಕರು ತಮ್ಮನ್ನು ತಂಬಾಕಿನವರೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ತಂಬಾಕು ಎಂದರೆ ಗಂಡಸರ ಬೀಡಿ, ಹುಡುಗರ ಪೊಟ್ಟಣ. ತಾವು ಹಾಕುವುದು ಬರೀ ಎಲೆ. ಅವರ ಅಡುಗೆಮನೆ ಕಾನೂನು ಹೇಳುವ ಸಾರ್ವಜನಿಕ ಸ್ಥಳವೂ ಅಲ್ಲ.

ಬೀಡಿ ಕಟ್ಟುವವರ ಪಾಡು ಇನ್ನೂ ತೊಡಕಿನದು. ಗಣೇಶ್, ಭಾರತ್, ಪ್ರಕಾಶ್, ಪಿವಿಎಸ್ ಹೆಸರುಗಳು ಈ ಊರಿನ ಬೀಡಿಯನ್ನು ದೇಶಕ್ಕೆ ಪರಿಚಯಿಸಿದವು. ಅದರ ಹಿಂದೆ ಮನೆಮನೆಯ ಜಗಲಿಯಲ್ಲಿ ಸೂಪಿನ ಮೇಲೆ ಎಲೆ ಹೊಗೆಸೊಪ್ಪು ಹರಡಿಕೊಂಡು ಕೂತ ಹೆಂಗಸರಿದ್ದರು. ಬೀಡಿ ಬ್ರಾಂಚಿನಿಂದ ತಂದ ಪುಡಿಯ ಘಾಟು ದಿನವಿಡೀ ಅವರ ಕೈಯಲ್ಲಿ, ಮೂಗಿನಲ್ಲಿ. ಇಂಥವರಿಗೆ ಹೊಗೆಸೊಪ್ಪು ದೂರವಿಡಿ ಎಂದರೆ ನಗು ಬಂದೀತು. ಮಕ್ಕಳ ಫೀಸು ಕಟ್ಟಿದ್ದು ಅದೇ ಸೊಪ್ಪು.

ಗಂಡಸರ ಲೋಕ ದಕ್ಕೆಯಲ್ಲಿದೆ. ಬಂದರಿನ ದಕ್ಕೆಯಲ್ಲಿ ಬೋಟು ಖಾಲಿ ಮಾಡುವವರಲ್ಲಿ, ಬಹುಮಹಡಿ ಕಟ್ಟಡಗಳ ಸೆಂಟ್ರಿಂಗ್ ಕೆಲಸದಲ್ಲಿ ಒಡಿಶಾ, ಜಾರ್ಖಂಡ್, ಬಿಹಾರ, ಆಂಧ್ರದವರು ಬಹಳ. ಅಂಗೈಯಲ್ಲಿ ಖೈನಿ, ಸುಣ್ಣ ತಿಕ್ಕಿ, ಎರಡು ಸಲ ತಟ್ಟಿ, ತುಟಿಗಿಡುವುದು ಅವರ ಪದ್ಧತಿ. ನಮ್ಮ ಹುಡುಗರಿಗೆ ಹ್ಯಾನ್ಸ್, ಕೂಲ್ ಲಿಪ್ ಗೊತ್ತು. ಕೂಲ್ ಲಿಪ್ ಪುಟ್ಟ ಚೀಲದ ರೂಪದಲ್ಲಿ ಬರುತ್ತದೆ, ತುಟಿಯಡಿ ಇಟ್ಟರೆ ಉಗುಳುವ ಗೋಜು ಕಡಿಮೆ, ತರಗತಿಯಲ್ಲಿ ಕೂತರೂ ಮೇಷ್ಟರಿಗೆ ಕಾಣದು. 2024ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೆ ಪೀಠ ಇದನ್ನು ಅಸುರಕ್ಷಿತ ಆಹಾರವೆಂದು ಯಾಕೆ ಘೋಷಿಸಬಾರದು ಎಂದು ಕೇಳಿದ್ದು ಶಾಲಾ ಮಕ್ಕಳ ಕೈಗೆ ಅದು ಸಿಗುತ್ತಿದ್ದದ್ದರಿಂದಲೇ. ಉಗುಳಿದವನನ್ನು ಹುಡುಕುವ ಕಾನೂನಿಗೆ ಉತ್ತರವಾಗಿ ಉಗುಳದ ತಂಬಾಕು ಸಿದ್ಧವಾಗಿದೆ.

ತಲಪಾಡಿಯ ಕೇರಳ ಗಡಿಯೂ ಇದರಲ್ಲೊಂದು ಪಾತ್ರಧಾರಿ. ನಿಷೇಧವನ್ನು ನಮಗಿಂತ ಬಿಗಿಯಾಗಿ ಓದುವ ಕೇರಳದಲ್ಲಿ ಪೊಲೀಸರು ಹಿಡಿಯುವ ಪೊಟ್ಟಣಗಳಲ್ಲಿ ಅನೇಕ ನಮ್ಮ ಅಂಗಡಿಗಳಲ್ಲಿ ರಾಜಾರೋಷವಾಗಿ ನೇತಾಡುತ್ತವೆ. ಮಂಜೇಶ್ವರ, ಕಾಸರಗೋಡಿನ ತಪಾಸಣೆಯಲ್ಲಿ ಮಂಗಳೂರು ಕಡೆಯಿಂದ ಹೋದ ಮೂಟೆಗಳು ಸಿಕ್ಕಿಬೀಳುವ ಸುದ್ದಿ ಪತ್ರಿಕೆಯ ಒಳಪುಟಕ್ಕೆ ಹಳತಾಯಿತು. ಗಡಿಯ ಆಚೆ ಅಪರಾಧ, ಈಚೆ ವ್ಯಾಪಾರ ಎಂಬ ಸ್ಥಿತಿ ಇರುವವರೆಗೆ ಬೆಲೆ ಏರಿದಷ್ಟೂ ಮೂಟೆ ಹೊರುವವರಿಗೆ ಲಾಭ.

ಗಲ್ಫಿನ ಅನುಭವ ಇದಕ್ಕೆ ತದ್ವಿರುದ್ಧ. ದುಬೈ ಕಸ್ಟಮ್ಸ್‌ನ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ವೀಳ್ಯದೆಲೆಯೇ ಇದೆ, ಹೊಗೆಸೊಪ್ಪಿನ ಮಾತು ಬಿಡಿ. ಇಲ್ಲಿ ದಿನಕ್ಕೆ ಹತ್ತು ಸಲ ಎಲೆ ಹಾಕುತ್ತಿದ್ದವರು ಅಲ್ಲಿ ವರ್ಷಗಟ್ಟಲೆ ಹಾಕದೆ ಇದ್ದು, ರಜೆಗೆ ಬಂದು ಬಜಪೆಯಲ್ಲಿ ಇಳಿದ ಮೇಲೆ ಮತ್ತೆ ಶುರು ಮಾಡುವುದು ಕರಾವಳಿಯ ಮನೆಗಳಿಗೆ ಹೊಸದಲ್ಲ. ಸಿಗದಿದ್ದರೆ ಬಿಡಲು ಸಾಧ್ಯ ಎಂಬುದಕ್ಕೂ, ಬಿಟ್ಟ ಮಾತ್ರಕ್ಕೆ ಹೋಗಿಬಿಡುವುದಿಲ್ಲ ಎಂಬುದಕ್ಕೂ ಈ ಚಿಕ್ಕಪ್ಪ ಮಾವಂದಿರೇ ಸಾಕ್ಷಿ.

ನೂರು ಮೀಟರಿನ ನಿಯಮ ನಿಜವಾಗಿ ಜಾರಿಯಾದರೆ ಮಂಗಳೂರಿನ ನಕ್ಷೆಯೇ ಬದಲಾಗುತ್ತದೆ. ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು, ಬಾವುಟಗುಡ್ಡೆ ಮೇಲಿನ ಸಂತ ಅಲೋಶಿಯಸ್, ಅದೇ ಗುಡ್ಡದ ಲೈಟ್‌ಹೌಸ್ ಹಿಲ್ ರಸ್ತೆಯ ವೈದ್ಯಕೀಯ ವಿದ್ಯಾಸಂಸ್ಥೆಗಳು, ಕೊಡಿಯಾಲಬೈಲಿನ ಶಾಲೆಗಳು, ಒಂದೊಂದರ ಸುತ್ತಲೂ ವೃತ್ತ ಎಳೆಯಿರಿ, ವೃತ್ತಗಳು ಒಂದನ್ನೊಂದು ಕೂಡಿಕೊಳ್ಳುತ್ತವೆ. ನಡುಪೇಟೆಯಲ್ಲಿ ತಂಬಾಕು ಮಾರಲು ಕಾನೂನುಬದ್ಧವಾದ ಅಂಗುಲ ಜಾಗ ಹುಡುಕಬೇಕಾದೀತು. ಹಳೆಯ ಕಾಯ್ದೆಯಲ್ಲೂ ನೂರು ಗಜದ ಮಿತಿಯಿತ್ತು, ಶಾಲೆಯ ಮುಂದೆ ಹಳದಿ ಗೆರೆ ಎಳೆದದ್ದೂ ಆಯಿತು, ಮಕ್ಕಳ ಕೈಯಲ್ಲಿ ಅಂಗಡಿಯವರಿಗೆ ಗುಲಾಬಿ ಕೊಡಿಸಿದ ‘ಗುಲಾಬಿ ಆಂದೋಲನ’ವೂ ನಡೆಯಿತು. ಗೂಡಂಗಡಿಯವರ ಕಷ್ಟವೂ ಸುಳ್ಳಲ್ಲ. ಮಹಾನಗರ ಪಾಲಿಕೆ 2024ರಲ್ಲಿ ಬೀದಿ ವ್ಯಾಪಾರಿಗಳ ಮೇಲೆ ‘ಟೈಗರ್ ಕಾರ್ಯಾಚರಣೆ’ ನಡೆಸಿದ್ದನ್ನು ಅವರು ಮರೆತಿಲ್ಲ. ತಂಬಾಕು ಇಟ್ಟದ್ದಕ್ಕೋ ಗೂಡು ಇಟ್ಟದ್ದಕ್ಕೋ, ಯಾವುದಕ್ಕೆ ಎತ್ತಿಸುತ್ತಾರೆ ಎಂಬ ಭಯದಲ್ಲೇ ವ್ಯಾಪಾರ.

ನನಗೆ ಕಾಣುವ ದೊಡ್ಡ ಕೊರತೆ ಅಂಗಡಿಯ ಕಡೆಯದಲ್ಲ, ಬಾಯಿಯ ಕಡೆಯದು. ಮಾರುವವನಿಗೆ, ತಯಾರಿಸುವವನಿಗೆ, ಉಗುಳುವವನಿಗೆ ಏನು ಮಾಡಬೇಕು ಎಂದು ನಿಯಮಗಳು ವಿವರವಾಗಿ ಹೇಳುತ್ತವೆ. ಬಿಡಬೇಕು ಎನ್ನುವವನಿಗೆ ಪೊಟ್ಟಣದ ಮೂಲೆಯಲ್ಲೊಂದು ದೂರವಾಣಿ ಸಂಖ್ಯೆ ಬಿಟ್ಟರೆ ಹೆಚ್ಚೇನಿಲ್ಲ. 1800-11-2356 ಆ ಸಂಖ್ಯೆ; ಶುಲ್ಕವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಾದೇಶಿಕ ಕೇಂದ್ರವಾದ್ದರಿಂದ ಕನ್ನಡದಲ್ಲೇ ಮಾತಾಡಬಹುದು. ಬಿಡಿ ಸೊಪ್ಪು ಕೊಳ್ಳುವ ಅಜ್ಜಿಗೆ ಪೊಟ್ಟಣವೇ ಇಲ್ಲದ್ದರಿಂದ ಆ ಸಂಖ್ಯೆಯೂ ಸಿಗುವುದಿಲ್ಲ.

ಬಿಡುವುದು ಯಾಕೆ ಕಷ್ಟ ಎಂಬುದಕ್ಕೆ ಸುಣ್ಣವೂ ಒಂದು ಕಾರಣ. ಸುಣ್ಣದ ಕ್ಷಾರಗುಣ ಸೊಪ್ಪಿನೊಳಗಿನ ನಿಕೋಟಿನ್ನನ್ನು ಬಿಡಿಸಿ ಬಾಯಿಯ ತೆಳುಪೊರೆಯ ಮೂಲಕ ಸುಲಭವಾಗಿ ರಕ್ತಕ್ಕೆ ದಾಟಿಸುತ್ತದೆ. ಸಿಗರೇಟಿನ ನಿಕೋಟಿನ್ ತಟ್ಟನೆ ಏರಿ ತಟ್ಟನೆ ಇಳಿದರೆ, ದವಡೆಯ ತುಂಡಿನದು ನಿಧಾನ ಏರಿ ಬಹಳ ಹೊತ್ತು ನಿಲ್ಲುತ್ತದೆ. ಕೆಲವರು ರಾತ್ರಿ ಅದನ್ನು ಇಟ್ಟುಕೊಂಡೇ ಮಲಗುತ್ತಾರೆ. ನಮ್ಮ ದೇಶದ ಬಾಯಿ ಕ್ಯಾನ್ಸರಿನಲ್ಲಿ ಕೆನ್ನೆ ಮತ್ತು ಒಸಡಿನ ಸಂದಿಯದೇ ದೊಡ್ಡ ಪಾಲು ಇರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ, ತುಂಡು ಇರುವುದು ಅಲ್ಲೇ. 2022ರಲ್ಲಿ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ ಜಗತ್ತಿನಲ್ಲಿ ಬಂದ ಬಾಯಿ ಕ್ಯಾನ್ಸರ್ ಸುಮಾರು 1.2 ಲಕ್ಷ, ಅದರಲ್ಲಿ 83 ಸಾವಿರಕ್ಕೂ ಹೆಚ್ಚು ಭಾರತದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು.

ವಿಚಿತ್ರವೆಂದರೆ ಇದಕ್ಕೆ ಮದ್ದು ಮಾಡಲು ಮಂಗಳೂರಿನಷ್ಟು ಸಜ್ಜಾದ ಊರು ರಾಜ್ಯದಲ್ಲಿ ಅಪರೂಪ. ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ ದಂತ ವೈದ್ಯಕೀಯ ಕಾಲೇಜುಗಳು, ಲೈಟ್‌ಹೌಸ್ ಹಿಲ್‌ನಲ್ಲಿ ಮಣಿಪಾಲದ ದಂತ ಕಾಲೇಜು, ನಡುಪೇಟೆಯಲ್ಲಿ ಸರ್ಕಾರದ ವೆನ್ಲಾಕ್. ದಂತ ಕಾಲೇಜುಗಳಲ್ಲಿ ತಂಬಾಕು ಬಿಡಿಸುವ ಕೇಂದ್ರ ಇರಬೇಕೆಂದು 2018ರಲ್ಲೇ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಬಂದಿದೆ. ಇಷ್ಟು ಕುರ್ಚಿಗಳು, ಇಷ್ಟು ಬಿಳಿ ಕೋಟಿನ ಹುಡುಗಿಯರು ಹುಡುಗರು ಒಂದೇ ಊರಲ್ಲಿದ್ದಾರೆ. ಹಲ್ಲುನೋವು ಬಂದು ಅಲ್ಲಿಗೆ ಹೋದವರಿಗೆ ಸಲಹೆ ಸಿಗುತ್ತದೆ. ನೋವೇ ಇಲ್ಲದ ಬಿಳಿ ಮಚ್ಚೆ ಹೊತ್ತು ದಕ್ಕೆಯಲ್ಲಿ ಬುಟ್ಟಿ ಎತ್ತುವವನು ಅಲ್ಲಿಗೆ ಹೋಗುವುದಿಲ್ಲ, ಹೋದರೆ ಅರ್ಧ ದಿನದ ಸಂಬಳ ಹೋಯಿತು. ದಂಡದ ಪುಸ್ತಕ ಹಿಡಿದ ತಂಡ ದಕ್ಕೆಗೆ ಹೋಗಬಹುದಾದರೆ ಟಾರ್ಚು ಹಿಡಿದ ದಂತವೈದ್ಯರೂ ಅದರ ಜೊತೆಗೆ ಹೋಗಬಹುದು. ಬೀಡಿ ಬ್ರಾಂಚಿನ ಲೆಕ್ಕದ ದಿನ ನೂರಾರು ಹೆಂಗಸರು ಸಾಲಿನಲ್ಲಿ ನಿಂತಿರುತ್ತಾರೆ. ಬಾಯಿ ತೆರೆಸಿ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಸಾವಿರ ರೂಪಾಯಿ ದಂಡ ಕಟ್ಟಿದವನ ಕೈಗೆ ರಸೀದಿಯ ಜೊತೆ ತಂಬಾಕು ಬಿಡಿಸುವ ಕೇಂದ್ರದ ವಿಳಾಸದ ಚೀಟಿಯನ್ನಾದರೂ ಕೊಡಬೇಡವೇ?

ಬಿಡಲು ಹೊರಟವರಿಗೆ ಮೊದಲ ಒಂದೆರಡು ವಾರ ಸಿಟ್ಟು, ನಿದ್ದೆಗೇಡು, ಮಲಬದ್ಧತೆ, ಬಾಯಿ ಖಾಲಿ ಖಾಲಿ ಎನಿಸುವುದು ಸಹಜ. ‘ಹಾಕದಿದ್ದರೆ ಬೆಳಿಗ್ಗೆ ಹೊಟ್ಟೆ ಸರಿಯಾಗುವುದಿಲ್ಲ’ ಎಂಬ ದೂರು ಸುಳ್ಳಲ್ಲ, ಅದು ನಿಕೋಟಿನ್ ತಪ್ಪಿದ್ದರ ಲಕ್ಷಣ. ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ನಿಕೋಟಿನ್ ಗಮ್ ಔಷಧದಂಗಡಿಯಲ್ಲಿ ಸಿಗುತ್ತದೆ. ಅದನ್ನು ಸ್ವಲ್ಪ ಅಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಸಿಗರೇಟಿನವರಿಗೆ ಇದನ್ನು ಹೇಳಿಕೊಡಲು ವೈದ್ಯರು ಒದ್ದಾಡುತ್ತಾರೆ, ನಮ್ಮವರಿಗೆ ಪಾಠವೇ ಬೇಡ. ಕಾಫಿ ಕುಡಿಯುತ್ತಾ ಮಾತ್ರ ಅಗಿಯಬಾರದು, ಆಮ್ಲ ಸೇರಿದರೆ ನಿಕೋಟಿನ್ ಹೀರಲ್ಪಡುವುದಿಲ್ಲ.

ತುಂಡು ಇಡುವ ಜಾಗದಲ್ಲಿ ಬಿಳಿಚಿಕೊಂಡು ದಪ್ಪಗಾದ ಚರ್ಮ, ಇಡುವುದನ್ನು ನಿಲ್ಲಿಸಿದರೆ ಅನೇಕರಲ್ಲಿ ಕೆಲವೇ ವಾರಗಳಲ್ಲಿ ತಿಳಿಯಾಗುತ್ತದೆ. ಆಗದೇ ಉಳಿದರೆ ತಜ್ಞರು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅಡಿಕೆ, ಗುಟ್ಕಾದಿಂದ ಕೆನ್ನೆಯ ಒಳಗೆ ನಾರು ಬಿಗಿದು ಬಾಯಿ ತೆರೆಯಲಾಗದೆ ಹೋದದ್ದು ಹಾಗೆ ಹಿಂದಿರುಗುವುದಿಲ್ಲ, ಅಲ್ಲಿಗೇ ನಿಲ್ಲಿಸಬಹುದು ಅಷ್ಟೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನೆಟ್ಟಗಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ಪೊಟ್ಟಣದ ಬೆಲೆ ಇನ್ನೆಷ್ಟು ಏರುತ್ತದೆ ಎಂದು ಕಾಯದೆ, ನಾಳೆಯೇ ದೇರಳಕಟ್ಟೆಯ ಬಸ್ ಹತ್ತಬೇಕಾದವರು ನೀವು.